ಮೈಲುತುತ್ತ: ತೋಟಕ್ಕೆ ಬೇಕು, ಮನೆಯೊಳಗೆ ಬೇಡ

(ಮುಂಗಾರಿಗೆ ಮೊದಲು ಕೊಪ್ಪದಲ್ಲಿ ಅಡಿಕೆ, ಕಾಫಿ ಬೆಳೆಗಾರರು ಮತ್ತು ತೋಟದ ಕೆಲಸಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೃಗಶಿರ ಮಳೆ ಹತ್ತಿರ ಬಂತು. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣ ಕಲಸಿದ ಔಷಧಿಯನ್ನು ಮೊದಲ ಸುತ್ತು ಹೊಡೆಸುವ ಗಡಿಬಿಡಿ ಈಗ ಎಲ್ಲರ ಮನೆಯಲ್ಲೂ ಇದೆ. ಸುಣ್ಣ ಬಂತಾ, ಮರ ಹತ್ತುವ ಕೊನೆಗಾರರು ಸಿಕ್ಕಿದರಾ, ಪೈಪು ಎಲ್ಲಾದರೂ ಒಡೆದಿದೆಯಾ ಅಂತ ಓಡಾಡುವ ಹೊತ್ತಿನಲ್ಲಿ ನೀವು ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ.

ಔಷಧಿ ಯಾವಾಗ ಹೊಡೆಯಬೇಕು, ಎಷ್ಟು ಸುತ್ತು ಹೊಡೆಯಬೇಕು ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದನ್ನು ಹೇಳಲು ನಾನು ಬಂದಿಲ್ಲ. ಚೀಲದೊಳಗಿರುವ ಆ ನೀಲಿ ಉಪ್ಪು ಏನು, ಅದರ ಗುಣ ಎಂಥದ್ದು, ಯಾವ ಹೊತ್ತಿನಲ್ಲಿ ಅದು ನಮಗೇ ಮುಳುವಾಗುತ್ತದೆ ಅನ್ನುವುದಷ್ಟೇ ಇವತ್ತಿನ ಮಾತು. ನಾಲ್ಕು ತಲೆಮಾರಿನಿಂದ ಬಳಸುತ್ತಿರುವ ವಸ್ತುವಿನ ಬಗ್ಗೆ ನಮಗೆ ಹೆದರಿಕೆ ಹೋಗಿಬಿಡುತ್ತದೆ. ಮೈಲುತುತ್ತದ ವಿಷಯದಲ್ಲಿ ಆಗಿರುವುದು ಅದೇ.

ಮೇಜಿನ ಮೇಲಿರುವ ಈ ಬಾಟಲಿ ನೋಡಿ. ಹರಳುಗಳು ಎಷ್ಟು ಚಂದ ಇವೆ ಅಲ್ವಾ? ಅಂಚು ಚೂಪಾಗಿದೆ, ಬೆಳಕು ಬಿದ್ದರೆ ಹೊಳೆಯುತ್ತದೆ. ಸಣ್ಣ ಮಗುವಿನ ಕಣ್ಣಿಗೆ ಇದು ನೀಲಿ ಬಣ್ಣದ ಕಲ್ಲುಸಕ್ಕರೆ. ಈ ಮಾತು ನೆನಪಿಟ್ಟುಕೊಳ್ಳಿ. ಆಮೇಲೆ ಬರುತ್ತೇನೆ.

ರಸಾಯನಶಾಸ್ತ್ರದಲ್ಲಿ ಇದರ ಹೆಸರು ಕಾಪರ್ ಸಲ್ಫೇಟ್. ತಾಮ್ರ ಮತ್ತು ಗಂಧಕಾಮ್ಲ ಸೇರಿ ಆದ ಲವಣ. ಜೊತೆಗೆ ಹರಳಿನೊಳಗೆ ನೀರೂ ಇದೆ. ಮುಟ್ಟಿದರೆ ಒಣಗಿಯೇ ಇರುತ್ತದೆ, ಆದರೆ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀರೇ. ಒಂದು ಕೆಜಿ ಶುದ್ಧ ಮೈಲುತುತ್ತ ತಂದರೆ ಅದರಲ್ಲಿ ಸುಮಾರು 255 ಗ್ರಾಂ ತಾಮ್ರ, 385 ಗ್ರಾಂ ಸಲ್ಫೇಟ್, 360 ಗ್ರಾಂ ನೀರು. ಈ 255 ಗ್ರಾಂ ಅನ್ನುವ ಲೆಕ್ಕ ಇವತ್ತು ಮತ್ತೆ ಮತ್ತೆ ಬರುತ್ತದೆ.

ಈಗ ಒಂದು ಚೂರು ಹರಳನ್ನು ಪುಡಿ ಮಾಡಿ ಪ್ರನಾಳದಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿಯುತ್ತೇನೆ. ಹಿಂದೆ ಕೂತವರು ಬೇಕಾದರೆ ಮುಂದೆ ಬನ್ನಿ. ನೋಡಿ, ಮೊದಲು ಅಂಚಿನಲ್ಲಿ ಬಣ್ಣ ಮಾಸುತ್ತಿದೆ. ಪ್ರನಾಳದ ಬಾಯಿಯ ಹತ್ತಿರ ಹಬೆ ತಣ್ಣಗಾಗಿ ನೀರಿನ ಹನಿ ಕೂರುತ್ತಿದೆ. ಹರಳಿನಲ್ಲಿರುವ ಐದು ಪಾಲು ನೀರು ಒಂದೇ ಸಲ ಹೋಗುವುದಿಲ್ಲ. ಬಿಸಿ ಏರಿದ ಹಾಗೆ ಎರಡು, ಮತ್ತೆ ಎರಡು, ಕೊನೆಯದು ಸುಮಾರು 200 ಡಿಗ್ರಿ ದಾಟಿದ ಮೇಲೆ. ಈಗ ಪೂರ್ತಿ ಬೂದುಬಿಳಿ ಪುಡಿ. ಸ್ವಲ್ಪ ಆರಲಿ. ಇದಕ್ಕೆ ಒಂದು ಹನಿ ನೀರು ಬಿಟ್ಟರೆ ಆ ಜಾಗ ತಕ್ಷಣ ನೀಲಿಯಾಯಿತು, ಪ್ರನಾಳ ಮತ್ತೆ ಬಿಸಿಯಾಯಿತು. ಮುಂದಿನ ಸಾಲಿನ ತಂಗಿ ಮುಟ್ಟಿ ನೋಡು, ಹೊರಗಿನಿಂದ ಮಾತ್ರ. ನೀರನ್ನು ಕಂಡುಹಿಡಿಯಲು ಶಾಲೆಯಲ್ಲಿ ಬಳಸುವುದು ಈ ಬಿಳಿ ಪುಡಿಯನ್ನೇ.

ಇದು ತೋಟಕ್ಕೆ ಮಾತ್ರ ಸಂಬಂಧಪಟ್ಟ ವಸ್ತು ಅಂದುಕೊಳ್ಳಬೇಡಿ. ರಕ್ತದಾನ ಶಿಬಿರದಲ್ಲಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಡುವುದನ್ನು ನೋಡಿರುತ್ತೀರಿ. ಅದೂ ಇದೇ ಮೈಲುತುತ್ತದ ನೀರು. ಅದರ ಸಾಂದ್ರತೆಯನ್ನು 1.053ಕ್ಕೆ ಸರಿಯಾಗಿ ಹೊಂದಿಸಿರುತ್ತಾರೆ. ಹನಿ ಬೇಗ ಮುಳುಗಿದರೆ ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಮೇಲಿದೆ, ರಕ್ತ ಕೊಡಬಹುದು ಅಂತ ಅರ್ಥ.

ಸರಿ, ಮುಖ್ಯ ವಿಷಯಕ್ಕೆ ಬರೋಣ. ತಾಮ್ರ ನಮ್ಮ ಮೈಗೂ ಬೇಕು. ದೊಡ್ಡವರಿಗೆ ದಿನಕ್ಕೆ ಸುಮಾರು ಒಂದು ಮಿಲಿಗ್ರಾಂ ಸಾಕು, ಅದು ಊಟದಲ್ಲೇ ಸಿಗುತ್ತದೆ. ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿದ್ದೇವೆ, ಏನೂ ಆಗಿಲ್ಲ. ಹಾಗಾದರೆ ಮೈಲುತುತ್ತ ಯಾಕೆ ವಿಷ? ಹಂಡೆಯ ತಾಮ್ರ ಗಟ್ಟಿಯಾಗಿ ಕೂತಿದೆ. ಮೈಲುತುತ್ತದ ತಾಮ್ರ ನೀರಿಗೆ ಬಿದ್ದ ಕೂಡಲೇ ಕರಗಿ ಬಿಡಿಬಿಡಿಯಾಗಿ ಓಡಾಡುತ್ತದೆ. ಹಾಗೆ ಬಿಡಿಯಾದ ತಾಮ್ರ ಎಲ್ಲಿ ಹೋದರೂ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಶಿಲೀಂಧ್ರದ ಬೀಜಾಣು ಆಗಲಿ, ಮೀನಿನ ಕಿವಿರು ಆಗಲಿ, ನಮ್ಮ ಕರುಳು ಆಗಲಿ, ಅದಕ್ಕೆ ಭೇದ ಇಲ್ಲ. ಒಂದು ಲೀಟರ್ ತಣ್ಣೀರಿನಲ್ಲೇ 300 ಗ್ರಾಂನಷ್ಟು ಮೈಲುತುತ್ತ ಕರಗುತ್ತದೆ. ಹಾಗಾಗಿ ನನ್ನ ಇಡೀ ಮಾತನ್ನು ಒಂದೇ ಪ್ರಶ್ನೆಗೆ ಇಳಿಸಬಹುದು: ಈ ಹೊತ್ತಿನಲ್ಲಿ, ಈ ಜಾಗದಲ್ಲಿ, ಎಷ್ಟು ತಾಮ್ರ ಕರಗಿದ ಸ್ಥಿತಿಯಲ್ಲಿದೆ? ಉಪಯೋಗವನ್ನೂ ಅಪಾಯವನ್ನೂ ಅದೇ ತೀರ್ಮಾನ ಮಾಡುತ್ತದೆ.

ಕರಗಿದ ತಾಮ್ರವನ್ನು ಹಿಡಿದು ಕಟ್ಟಿಹಾಕುವ ವಸ್ತು ಸುಣ್ಣ.

ಇದು ಹೇಗೆ ಗೊತ್ತಾಯಿತು ಅನ್ನುವ ಕಥೆ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋ ಪಟ್ಟಣದ ಸುತ್ತ ದ್ರಾಕ್ಷಿ ತೋಟಗಳಿವೆ. ರಸ್ತೆ ಪಕ್ಕದ ಸಾಲುಗಳಿಂದ ದಾರಿಹೋಕರು ಹಣ್ಣು ಕೀಳುತ್ತಿದ್ದರು. ಅದನ್ನು ತಪ್ಪಿಸಲು ತೋಟದವರು ಮೈಲುತುತ್ತ, ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. ನೀಲಿ ಕಲೆ ನೋಡಿದರೆ ಯಾರು ತಿನ್ನುತ್ತಾರೆ? 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಬಂದಾಗ ಒಂದು ವಿಚಿತ್ರ ಕಂಡಿತು. ಒಳಗಿನ ಬಳ್ಳಿಗಳೆಲ್ಲ ಬೂಜು ರೋಗಕ್ಕೆ ಎಲೆ ಉದುರಿಸಿ ನಿಂತಿದ್ದವು. ರಸ್ತೆ ಪಕ್ಕದ ಸಾಲಿನಲ್ಲಿ ಮಾತ್ರ ಎಲೆ ಹಸಿರಾಗಿತ್ತು. ಗಾಯೋಂ ಎಂಬ ರಸಾಯನಶಾಸ್ತ್ರಜ್ಞರ ಜೊತೆ ಸೇರಿ ಪ್ರಯೋಗ ಮಾಡಿದರು. 1885ರಲ್ಲಿ ಫಲಿತಾಂಶ ಪ್ರಕಟವಾಯಿತು. ನಾವು ಹೇಳುವ ಬೋರ್ಡೋ ದ್ರಾವಣದ ಹುಟ್ಟು ಅದು.

ನಮ್ಮ ಮಲೆನಾಡಿಗೆ ಅದನ್ನು ತಂದವರಲ್ಲಿ ಮುಖ್ಯರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು. ಅಡಿಕೆಗೆ ಕೊಳೆ ರೋಗ ಬಂದರೆ ಕಾಯಿ ರಾಶಿ ರಾಶಿ ಉದುರುತ್ತಿತ್ತು. ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟುವುದೊಂದೇ ಉಪಾಯ. ಕೋಲ್ಮನ್ ಈ ರೋಗವನ್ನು ಕೂತು ಅಧ್ಯಯನ ಮಾಡಿದರು, ಬೋರ್ಡೋ ಹೊಡೆದು ತೋರಿಸಿದರು. ಕಾಫಿಯ ಎಲೆ ತುಕ್ಕು ರೋಗದ ಕಾಟವೂ ಆಗ ಇತ್ತು. ಅದಕ್ಕಾಗಿಯೇ 1915ರಲ್ಲಿ ಇಲ್ಲೇ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ಶುರುವಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಬಂತು. ನೂರು ವರ್ಷ ದಾಟಿದರೂ ಈ ಔಷಧಿಗೆ ಸೋಲದ ಹೊಸ ಕೊಳೆ ರೋಗ ಹುಟ್ಟಿ ಬಂದು ತೊಂದರೆ ಕೊಟ್ಟಿಲ್ಲ. ತಾಮ್ರ ಶಿಲೀಂಧ್ರವನ್ನು ಒಂದೇ ಕಡೆ ಹೊಡೆಯುವುದಿಲ್ಲ, ಹತ್ತು ಕಡೆ ಹೊಡೆಯುತ್ತದೆ. ಅದಕ್ಕೇ ಇದನ್ನು ಬಿಡಿ ಅಂತ ನಾನು ಹೇಳುವುದಿಲ್ಲ.

ಈಗ ಕಲಸುವ ವಿಷಯ. ಇದನ್ನು ನಿಧಾನವಾಗಿ ನೋಡೋಣ. ಅವಘಡಗಳು ಜಾಸ್ತಿ ಆಗುವುದು ಇಲ್ಲೇ.

ಬರೀ ಮೈಲುತುತ್ತದ ನೀರು ಹುಳಿ ಗುಣದ್ದು. ಅದನ್ನು ಹಾಗೇ ಹೊಡೆದರೆ ಎಲೆ, ಸಿಂಗಾರ (ಅಡಿಕೆಯ ಹೂಗೊಂಚಲು) ಎಲ್ಲ ಸುಟ್ಟುಹೋಗುತ್ತದೆ. ಸುಣ್ಣದ ತಿಳಿ ಸೇರಿದಾಗ ತಾಮ್ರ ಕರಗದ ರೂಪಕ್ಕೆ ಬಂದು, ತೀರಾ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತದೆ. ಕಾಯಿಯ ಮೇಲೆ ಬಿದ್ದು ಒಣಗಿದರೆ ಪದರವಾಗಿ ಅಂಟಿಕೊಳ್ಳುತ್ತದೆ. ಆಷಾಢದ ಮಳೆಗೂ ಬೇಗ ತೊಳೆದುಹೋಗುವುದಿಲ್ಲ. ಮಳೆನೀರಿನ ಅಲ್ಪ ಹುಳಿಗೆ, ಬೀಜಾಣು ಮೊಳೆಯುವಾಗ ಸೂಸುವ ರಸಕ್ಕೆ, ಅಷ್ಟಷ್ಟೇ ತಾಮ್ರ ಬಿಡುಗಡೆ ಆಗುತ್ತದೆ. ಬೀಜಾಣು ಸಾಯುವುದಕ್ಕೆ ಅಷ್ಟು ಸಾಕು. ರೋಗ ಒಳಗೆ ಹೊಕ್ಕ ಮೇಲೆ ಇದು ಗುಣಪಡಿಸುವುದಿಲ್ಲ. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು, ಆಮೇಲೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸುತ್ತು ಅನ್ನುವುದು ಇದೇ ಕಾರಣಕ್ಕೆ.

ಎಷ್ಟು ಸುಣ್ಣ ಬೇಕು? ಶುದ್ಧವಾದ ಅರಳಿದ ಸುಣ್ಣವಾದರೆ ಒಂದು ಕೆಜಿ ಮೈಲುತುತ್ತಕ್ಕೆ ಲೆಕ್ಕದ ಪ್ರಕಾರ ಸುಮಾರು 300 ಗ್ರಾಂ ಸಾಕು. ಆದರೆ ನಮ್ಮ ಪದ್ಧತಿ ಸಮಸಮ: ಅಡಿಕೆಗೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಾಫಿ ಎಲೆ ತುಕ್ಕಿಗೆ ಅದರ ಅರ್ಧ. ಯಾಕೆ ಇಷ್ಟು ಜಾಸ್ತಿ ಅಂತ ಮುಂದೆ ಕೂತ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅಂಗಡಿಯ ಸುಣ್ಣದಲ್ಲಿ ಕಲ್ಲು, ಮಣ್ಣು ಇರುತ್ತದೆ. ಚೀಲ ಬಿಚ್ಚಿ ಗಾಳಿಗೆ ಇಟ್ಟ ಸುಣ್ಣ ದಿನ ಹೋದ ಹಾಗೆ ಸೀಮೆಸುಣ್ಣದಂಥ ಪುಡಿಯಾಗಿಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದನ್ನು ಕೆಡಿಸುತ್ತದೆ. ನೋಡಲು ಬೆಳ್ಳಗೇ ಇರುತ್ತದೆ, ತಾಮ್ರವನ್ನು ಕಟ್ಟಿಹಾಕುವ ಶಕ್ತಿ ಇರುವುದಿಲ್ಲ. ಹೋದ ವರ್ಷದ ಉಳಿಕೆ ಸುಣ್ಣವನ್ನು ಈ ವರ್ಷ ನಂಬಬೇಡಿ.

ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆ ಬೇರೆ ಕದಡಿ, ಬಟ್ಟೆಯಲ್ಲಿ ಸೋಸಿ. ಆಮೇಲೆ ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಲ್ಲಿ ತಿರುಗಿಸುತ್ತಿರಿ. ಉಲ್ಟಾ ಮಾಡಿದರೆ ಕಣ ದಪ್ಪವಾಗುತ್ತದೆ, ಬೇಗ ತಳಕ್ಕೆ ಕೂರುತ್ತದೆ, ನಾಝಲ್ ಕಟ್ಟುತ್ತದೆ. ಕಲಸಿದ್ದನ್ನು ಅವತ್ತೇ ಮುಗಿಸಿ. ಮರುದಿನಕ್ಕೆ ಕಣಗಳು ಬೆಳೆದು ಅಂಟುವ ಗುಣ ಹೋಗಿರುತ್ತದೆ.

ತಗಡಿನ ಬಕೆಟ್, ಕಬ್ಬಿಣದ ಡ್ರಮ್, ಅಲ್ಯೂಮಿನಿಯಂ ಪಾತ್ರೆ ಬೇಡ. ಈ ಲೋಟದಲ್ಲಿ ಮೈಲುತುತ್ತದ ನೀರಿದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಮೊಳೆಯನ್ನು ಮಾತು ಶುರು ಮಾಡುವಾಗ ಇದರಲ್ಲಿ ಇಳಿಬಿಟ್ಟಿದ್ದೆ. ಈಗ ತೆಗೆಯುತ್ತೇನೆ, ನೋಡಿ. ಮುಳುಗಿದ ಭಾಗಕ್ಕೆಲ್ಲ ಕೆಂಪು ತಾಮ್ರ ಹತ್ತಿದೆ. ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಬರುತ್ತದೆ. ಕಬ್ಬಿಣ ಕರಗಿ ನೀರಿಗೆ ಹೋಯಿತು, ತಾಮ್ರ ನೀರಿನಿಂದ ಹೊರಬಂದು ಅದರ ಜಾಗದಲ್ಲಿ ಕೂತಿತು. ನಿಮ್ಮ ಡ್ರಮ್ಮಿಗೂ ಆಗುವುದು ಇದೇ. ಡ್ರಮ್ ತೂತಾಗುತ್ತದೆ, ಔಷಧಿ ಸಪ್ಪೆಯಾಗುತ್ತದೆ. ಪ್ಲಾಸ್ಟಿಕ್, ಮರ, ಮಣ್ಣಿನ ಪಾತ್ರೆ ಆದೀತು.

ಹಳಬರ ಕತ್ತಿ ಪರೀಕ್ಷೆಯೂ ಈ ಗುಣದ ಮೇಲೇ ನಿಂತಿದೆ. ತಯಾರಾದ ದ್ರಾವಣದಲ್ಲಿ ಮಸೆದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗು ಕೆಂಪಾದರೆ ಇನ್ನೂ ಕರಗಿದ ತಾಮ್ರ ಉಳಿದಿದೆ, ಸುಣ್ಣ ಸಾಲದು. ಬೆಳ್ಳಗೇ ಇದ್ದರೆ ಹದ ಸರಿ ಇದೆ. ಕೆಂಪು ಲಿಟ್ಮಸ್ ಕಾಗದ ನೀಲಿಯಾಗುವುದೂ ಅದನ್ನೇ ಹೇಳುತ್ತದೆ. ನನಗೆ ಕತ್ತಿಯ ಪರೀಕ್ಷೆಯ ಮೇಲೇ ಪ್ರೀತಿ ಜಾಸ್ತಿ. ಎಲ್ಲರ ಸೊಂಟದಲ್ಲೂ ಕತ್ತಿ ಇರುತ್ತದೆ, ಕಾಗದ ಇರುವುದಿಲ್ಲ.

"ಸಾರ್, ಅಂಗಡಿಯಲ್ಲಿ ಕಲಬೆರಕೆ ಬರುತ್ತೆ ಅಂತಾರಲ್ಲ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. ಅನ್ನಭೇದಿ ಬೆರೆಸುವುದುಂಟು. ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್, ತಿಳಿಹಸಿರು ಹರಳು, ಬೆಲೆ ಕಡಿಮೆ. ಚಿಟಿಕೆ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಅಮೋನಿಯಾ ದ್ರವವನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ಮೊದಲು ತಿಳಿನೀಲಿ ಗಸಿ ಬರುತ್ತದೆ. ಇನ್ನೂ ಹಾಕಿದರೆ ಗಸಿ ಪೂರ್ತಿ ಕರಗಿ ಕಡುನೀಲಿ ತಿಳಿನೀರು ಆಗಬೇಕು. ಕೊಳಕು ಹಸಿರು ಅಥವಾ ಕಂದು ಬಣ್ಣದ ಗಸಿ ಕರಗದೆ ಉಳಿದರೆ ಅದರಲ್ಲಿ ಕಬ್ಬಿಣ ಇದೆ. ಅಮೋನಿಯಾ ಕಣ್ಣು, ಮೂಗಿಗೆ ಘಾಟು. ಹಾಗಾಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿಸಿಕೊಳ್ಳುವುದು ವಾಸಿ.

ಇನ್ನು ಮೈಗೆ ಆಗುವ ತೊಂದರೆ.

ಮೊದಲು ಕಣ್ಣು. ಕಲಸುವ ಜಾಗದಲ್ಲಿ ಕಣ್ಣಿಗೆ ಎರಡು ಶತ್ರು. ಒಂದು ಮೈಲುತುತ್ತ, ಇನ್ನೊಂದು ಸುಣ್ಣ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವಷ್ಟು ಬಿಸಿಯಾಗುತ್ತದೆ, ಸಿಡಿಯುತ್ತದೆ. ಬಗ್ಗಿ ನೋಡುತ್ತಿದ್ದವರ ಕಣ್ಣಿಗೆ ಒಂದು ಹನಿ ಹಾರಿದರೆ ಸಾಕು, ಕಣ್ಣಿನ ಪಾರದರ್ಶಕ ಪದರ ಸುಟ್ಟು ದೃಷ್ಟಿಯೇ ಹೋಗಬಹುದು. ಮೈಲುತುತ್ತದ ಹರಳಿನ ಪುಡಿ ಬಿದ್ದರೂ ಕಣ್ಣಿಗೆ ಗಂಭೀರ ಗಾಯವಾಗುತ್ತದೆ. ಕನ್ನಡಕದ ಬೆಲೆ ಒಂದು ಕೆಜಿ ಅಡಿಕೆಯಷ್ಟೂ ಇಲ್ಲ. ಕಲಸುವವರಿಗೆ ಅದನ್ನು ಕೊಡಿಸುವುದು ತೋಟದ ಯಜಮಾನರ ಕೆಲಸ. ಕೂಲಿ ಮಾಡುವವರು ತಂದುಕೊಳ್ಳಲಿ ಅಂತ ಬಿಡುವಂಥದ್ದಲ್ಲ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ತಣ್ಣೀರನ್ನು ಕಾಲು ಗಂಟೆಯಾದರೂ ಸುರಿಯುತ್ತಾ ಇರಿ. ಆಮೇಲೆ ಸೀದಾ ಆಸ್ಪತ್ರೆ. ಎದೆಹಾಲು, ತುಪ್ಪ, ಹರಳೆಣ್ಣೆ ಯಾವುದೂ ಬೇಡ. ನೀರು ಸುರಿಯುವುದನ್ನು ಬಿಟ್ಟು ಗಾಡಿ ಹುಡುಕಲು ಓಡಬೇಡಿ. ಮೊದಲ ನಿಮಿಷಗಳಲ್ಲಿ ಸುರಿದ ನೀರೇ ಕಣ್ಣನ್ನು ಉಳಿಸುವುದು.

ಚರ್ಮಕ್ಕೆ ತುರಿಕೆ, ಉರಿ. ಬೆರಳ ಸಂದಿಯಲ್ಲಿ ಬಿರುಕು ಇದ್ದರೆ ಇನ್ನೂ ಕಷ್ಟ. ಕಲಸುವವರು ರಬ್ಬರ್ ಗ್ಲೌಸ್ ಹಾಕಬಹುದು. ಮರ ಹತ್ತುವ ಕೊನೆಗಾರರು ಹಾಕಲಾರರು, ಹಿಡಿತ ತಪ್ಪುತ್ತದೆ. ಅವರಿಗೆ ಉದ್ದ ತೋಳಿನ ಅಂಗಿ, ತಲೆಗೆ ಬಟ್ಟೆ, ಇಳಿದ ಮೇಲೆ ಸೋಪು ನೀರು ಇರಲೇಬೇಕು. ಇಡೀ ದಿನ ಮೇಲಿನಿಂದ ಸೋರಿದ ದ್ರಾವಣದಲ್ಲಿ ನೆನೆದ ಅಂಗಿಯಲ್ಲೇ ಅವರು ಮಧ್ಯಾಹ್ನದ ಊಟಕ್ಕೆ ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕಿಂತ ಹೆಚ್ಚಾಗಿ ನನಗೆ ಭಯ ಆಗುವುದು ಎಲೆಅಡಿಕೆ. ನೀಲಿ ಹತ್ತಿದ ಕೈಯಲ್ಲೇ ಎಲೆ ಒರೆಸಿ, ಸುಣ್ಣ ಸವರಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಬೀಡಿ ಸೇದುವವರದೂ ಅದೇ ಕಥೆ. ಔಷಧಿ ಹೊಡೆಯುವ ದಿನ ಕೈ ತೊಳೆಯದೆ ಬಾಯಿಗೆ ಏನೂ ಹೋಗಬಾರದು.

ಉಸಿರು. ಪವರ್ ಸ್ಪ್ರೇಯರ್ ಬಂದ ಮೇಲೆ ಹನಿ ತುಂಬಾ ಸಣ್ಣದಾಗಿದೆ. ಮಂಜಿನಂತೆ ತೇಲುತ್ತದೆ. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ಬೋರ್ಡೋ ಹೊಡೆದ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ಗಂಟುಗಳಾಗಿದ್ದನ್ನು ವೈದ್ಯರು 1969ರಲ್ಲಿ ವರದಿ ಮಾಡಿದರು. ಕೆಲವರಿಗೆ ಶ್ವಾಸಕೋಶ ಗಟ್ಟಿಯಾಗಿ ಉಸಿರಾಟವೇ ಕಷ್ಟವಾಗಿತ್ತು. ಕಾಫಿ ಗಿಡಕ್ಕೆ ಹೊಡೆಯುವಾಗ ಮಂಜು ನೇರ ಮುಖದ ಎತ್ತರಕ್ಕೇ ಬರುತ್ತದೆ. ಗಾಳಿಗೆ ಬೆನ್ನು ಮಾಡಿ ಹೊಡೆಯಿರಿ, ಮೂಗು ಬಾಯಿಗೆ ಸರಿಯಾದ ಮಾಸ್ಕ್ ಹಾಕಿ. ಒದ್ದೆಯಾದ ಟವೆಲ್ ಕಟ್ಟಿಕೊಂಡರೆ ಅದೇ ದ್ರಾವಣ ಹೀರಿಕೊಂಡು ಬಾಯಿಗೆ ತಾಗಿಕೊಂಡಿರುತ್ತದೆ.

ಹೊಟ್ಟೆಗೆ ಹೋದರೆ ಆಗುವುದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಬಾಯಲ್ಲಿ ಲೋಹದ ರುಚಿ, ಹೊಟ್ಟೆಯಲ್ಲಿ ಉರಿ, ನೀಲಿ ಅಥವಾ ಹಸಿರು ಬಣ್ಣದ ವಾಂತಿ, ಭೇದಿ. ಇಷ್ಟಕ್ಕೇ ನಿಲ್ಲುವುದಿಲ್ಲ. ತಾಮ್ರ ರಕ್ತಕ್ಕೆ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಮೂತ್ರ ಕಪ್ಪಗಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಯಕೃತ್ತು ಮತ್ತು ಮೂತ್ರಪಿಂಡ ಕೆಡುತ್ತವೆ. ವಾಂತಿ ನಿಂತು ಮನುಷ್ಯ ಸುಧಾರಿಸಿದ ಹಾಗೆ ಕಂಡರೂ ಒಂದೆರಡು ದಿನದಲ್ಲಿ ಈ ತೊಂದರೆ ಕಾಣಿಸಿಕೊಳ್ಳಬಹುದು. ಹಾಗಾಗಿ "ವಾಂತಿ ಆಯ್ತಲ್ಲ, ಎಲ್ಲ ಹೊರಗೆ ಹೋಯ್ತು" ಅಂತ ಮನೆಯಲ್ಲಿ ಮಲಗಿಸಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಬೇಡಿ, ಸುಟ್ಟ ಗಂಟಲು ಎರಡನೇ ಸಲ ಸುಡುತ್ತದೆ. ಬಾಯಿ ತೊಳೆಸಿ, 108ಕ್ಕೆ ಕರೆ ಮಾಡಿ, ಮೈಲುತುತ್ತದ ಚೀಲವನ್ನೂ ಜೊತೆಗೆ ಒಯ್ಯಿರಿ. ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಗಳು ವೈದ್ಯರ ಹತ್ತಿರ ಇವೆ. ಹೊತ್ತು ಮೀರದೆ ತಲುಪಬೇಕು ಅಷ್ಟೆ.

ಸುಣ್ಣ ಹಾಕಿದ ಮೇಲೆ ತಾಮ್ರ ಕರಗುವುದಿಲ್ಲ ಅಂದೆ. ಹಾಗಾದರೆ ತಯಾರಾದ ಬೋರ್ಡೋ ಕುಡಿದರೆ ಅಪಾಯ ಇಲ್ಲವಾ ಅಂತ ಒಬ್ಬ ಹುಡುಗ ಕೇಳಿದ. ಇದೆಯಪ್ಪ. ನಮ್ಮ ಜಠರದಲ್ಲಿ ಇರುವುದೇ ಆಮ್ಲ. ಸುಣ್ಣ ಕಟ್ಟಿಹಾಕಿದ್ದನ್ನು ಅದು ಬಿಚ್ಚಿಬಿಡುತ್ತದೆ.

ಇದೇ ಜಾಗದಲ್ಲಿ ಅಮ್ಮನವರೊಬ್ಬರು ತಾಮ್ರದ ಚೊಂಬಿನ ನೀರು ಕುಡಿಯಬಹುದಾ ಅಂತ ಕೇಳಿದರು. ಬೆಳಗಿದ ಚೊಂಬಿನಲ್ಲಿ ರಾತ್ರಿ ಇಟ್ಟ ಬರೀ ನೀರಿಗೆ ಬಿಡುವ ತಾಮ್ರ ಅತ್ಯಲ್ಪ. ಆರೋಗ್ಯವಂತರಿಗೆ ತೊಂದರೆ ಇಲ್ಲ. ಮಜ್ಜಿಗೆ, ನಿಂಬೆ ಪಾನಕ, ಹುಣಸೆ ಹುಳಿಯ ಸಾರು ಮಾತ್ರ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಡಬೇಡಿ. ಹುಳಿಗೆ ತಾಮ್ರ ಕರಗುತ್ತದೆ. ಪಾತ್ರೆಗೆ ಹತ್ತುವ ಹಸಿರು ಕಿಲುಬೂ ತಾಮ್ರದ ಲವಣವೇ. ಅಜ್ಜಿಯರು ಕಲಾಯಿಯವನಿಗೆ ಕಾಯುತ್ತಿದ್ದುದು ಸುಮ್ನೆ ಅಲ್ಲ.

ಈಗ ಕಲ್ಲುಸಕ್ಕರೆಯ ಮಾತಿಗೆ ಬರುತ್ತೇನೆ. ಉಳಿದ ಅರ್ಧ ಕೆಜಿ ಮೈಲುತುತ್ತವನ್ನು ನೀವು ಎಲ್ಲಿ ಇಡುತ್ತೀರಿ? ಬಚ್ಚಲ ಕಿಟಕಿಯಲ್ಲಾ? ಅಡುಗೆಮನೆ ಹಿಂದಿನ ಅಟ್ಟದಲ್ಲಾ? ಹಾರ್ಲಿಕ್ಸ್ ಬಾಟಲಿಯಲ್ಲಾ? ದಯವಿಟ್ಟು ಬೇಡ. ತಿನ್ನುವ ವಸ್ತುವಿನ ಡಬ್ಬಿಗೆ ಇದನ್ನು ಯಾವತ್ತೂ ಸುರಿಯಬೇಡಿ. ಮೂಲ ಚೀಲದಲ್ಲೇ ಇರಲಿ, ಹೆಸರು ಕಾಣುವ ಹಾಗಿರಲಿ, ಮನೆಯ ಹೊರಗಿನ ಕೊಟ್ಟಿಗೆ ಅಥವಾ ಶೆಡ್ಡಿನಲ್ಲಿ ಬೀಗದೊಳಗೆ ಇರಲಿ. ಮಕ್ಕಳಿಗಾಗಿ ಮಾತ್ರ ಈ ಬೀಗ ಅಂದುಕೊಳ್ಳಬೇಡಿ. ಮನಸ್ಸು ಕುಗ್ಗಿದ ಗಳಿಗೆಯಲ್ಲಿ ಕೈಗೆ ಸಿಗುವ ಹಾಗೆ ವಿಷ ಮನೆಯಲ್ಲಿ ಇರಬಾರದು. ಆ ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಬೀಗದ ಕೈ ಹುಡುಕುವಷ್ಟು ಹೊತ್ತು ಸಿಕ್ಕಿದರೂ ಜೀವ ಉಳಿದೀತು. ಮನೆಯಲ್ಲಿ ಯಾರಾದರೂ ಮಂಕಾಗಿ ಕೂತಿದ್ದರೆ ಹತ್ತಿರ ಹೋಗಿ ಮಾತಾಡಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಪ್ರಾಣಿಗಳ ವಿಷಯಕ್ಕೆ ಬಂದರೆ ಕುರಿಯಷ್ಟು ತಾಮ್ರಕ್ಕೆ ಸೂಕ್ಷ್ಮವಾದ ಸಾಕುಪ್ರಾಣಿ ಇನ್ನೊಂದಿಲ್ಲ. ಅದರ ಮೈ ಹೆಚ್ಚಾದ ತಾಮ್ರವನ್ನು ಹೊರಹಾಕುವುದರಲ್ಲಿ ಹಿಂದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಸುಸ್ತೋ, ದೂರದ ಪ್ರಯಾಣವೋ ನೆಪವಾಗಿ ಆ ತಾಮ್ರ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಮೂತ್ರ ಕೆಂಪುಗಪ್ಪಾಗಿ ಕುರಿ ಸಾಯುತ್ತದೆ. ಅರಸೀಕೆರೆ, ಕಡೂರು ಕಡೆಯ ಕುರಿಗಾರರು ಗೊರಸು ಕೊಳೆತಕ್ಕೆ ಮೈಲುತುತ್ತದ ನೀರಿನಲ್ಲಿ ಕುರಿಯ ಕಾಲು ಅದ್ದಿಸುವುದಾದರೆ, ಬಾಯಾರಿದ ಕುರಿಯನ್ನು ಅದರ ಹತ್ತಿರ ಬಿಡಬಾರದು. ನಿಂತಲ್ಲೇ ಕುಡಿದುಬಿಡುತ್ತದೆ. ಮೊದಲು ನೀರು ಕುಡಿಸಿ, ಆಮೇಲೆ ಕಾಲು ಅದ್ದಿಸಿ. ಔಷಧಿ ಹೊಡೆದ ತೋಟದಡಿಯ ಹುಲ್ಲನ್ನು ಕುರಿಗೂ ದನಕ್ಕೂ ಆ ಮಳೆಗಾಲದ ಮಟ್ಟಿಗೆ ಹಾಕದಿರುವುದು ಒಳ್ಳೆಯದು.

ನೀರಿನ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರುತ್ತದೆ. ತುಂಗೆ, ಭದ್ರೆ, ಹೇಮಾವತಿ, ಯಗಚಿ ಎಲ್ಲ ಹುಟ್ಟುವುದು ನಮ್ಮ ಜಿಲ್ಲೆಯ ಗುಡ್ಡಗಳಲ್ಲೇ. ಅವುಗಳಿಗೆ ನೀರು ಹೋಗುವುದು ನಮ್ಮ ತೋಟದ ಬಸಿಗಾಲುವೆಗಳಿಂದ. ಈ ನೀರು ಮೆದುನೀರು, ಅದರಲ್ಲಿ ಕರಗಿದ ಸುಣ್ಣದಂಶ ಬಹಳ ಕಡಿಮೆ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತಾಮ್ರ ಬಿದ್ದರೆ ಸ್ವಲ್ಪವಾದರೂ ತಡೆ ಸಿಗುತ್ತದೆ. ಮೆದುನೀರಿನಲ್ಲಿ ತಡೆಯುವವರು ಯಾರೂ ಇಲ್ಲ. ಕಿವಿರಿಗೆ ತಾಮ್ರ ಹತ್ತಿ ಮೀನು ಉಸಿರುಗಟ್ಟುತ್ತದೆ, ಮೈಯ ಉಪ್ಪಿನಂಶ ಸೋರಿಹೋಗುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ನಮ್ಮ ದೇಶದ ಮಾನದಂಡ ಕೊಡುವ ಹೆಚ್ಚಿನ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಒಂದು ಕೆಜಿ ಮೈಲುತುತ್ತ ಹಳ್ಳಕ್ಕೆ ಚೆಲ್ಲಿದರೆ ಅದರ 255 ಗ್ರಾಂ ತಾಮ್ರ 1,70,000 ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಮೀನಿಗೆ, ಮೀನಿನ ಆಹಾರವಾದ ಸಣ್ಣ ನೀರುಹುಳಗಳಿಗೆ ಕೇಡಾಗಲು ಇದರ ಒಂದು ಸಣ್ಣ ಪಾಲು ಸಾಕು. ಹಾಗಿದ್ದೂ ನೀರು ಹತ್ತಿರ ಸಿಗುತ್ತದೆ ಅಂತ ನಾವು ಡ್ರಮ್ ಇಡುವುದು ಹಳ್ಳದ ದಡದಲ್ಲೇ. ನೀರನ್ನು ಪೈಪಿನಲ್ಲಿ ಮೇಲಕ್ಕೆ ತನ್ನಿ. ಕಲಸುವ ಜಾಗ ಹಳ್ಳದಿಂದ, ಬಾವಿಯಿಂದ ದೂರ ಇರಲಿ.

ಮಣ್ಣಿನ ಲೆಕ್ಕ ಇನ್ನೊಂದು ಬಗೆಯದು. ಬೇರೆ ಔಷಧಿಗಳು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಒಡೆದು ಹೋಗಬಹುದು. ತಾಮ್ರ ಮೂಲಧಾತು, ಒಡೆಯುವುದಕ್ಕೆ ಅದರಲ್ಲಿ ಏನೂ ಇಲ್ಲ. ಅಜ್ಜ ಹೊಡೆಸಿದ ತಾಮ್ರದಲ್ಲಿ ಬಹುಪಾಲು ತೋಟದ ಮೇಲ್ಮಣ್ಣಿನಲ್ಲೇ ಇನ್ನೂ ಕೂತಿದೆ. ಎರೆಹುಳಕ್ಕೆ ಅದು ಆಗಿಬರುವುದಿಲ್ಲ. ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಹೀಗೆ ಕೂಡುತ್ತಾ ಬಂದಿದ್ದನ್ನು ನೋಡಿ, 2019ರಿಂದ ಅಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕೆಜಿ ತಾಮ್ರ ಅಂತ ಮಿತಿ ಹಾಕಿದ್ದಾರೆ. ನಮ್ಮ ಲೆಕ್ಕಕ್ಕೆ ತಂದರೆ ಎಕರೆಗೆ ವರ್ಷಕ್ಕೆ ಸುಮಾರು 1.6 ಕೆಜಿ. ಇನ್ನೂರು ಲೀಟರಿನ ಒಂದು ಬ್ಯಾರೆಲ್ ಶೇ. 1ರ ಬೋರ್ಡೋದಲ್ಲಿ ಅರ್ಧ ಕೆಜಿ ತಾಮ್ರ ಇದೆ. ಮೂರು ಬ್ಯಾರೆಲ್ ಹೊಡೆದರೆ ಅಲ್ಲಿಯ ವರ್ಷದ ಪಾಲು ಹೆಚ್ಚುಕಡಿಮೆ ಮುಗಿಯಿತು. ಅದು ಅವರ ಕಾನೂನು, ನಮ್ಮ ಮಳೆಯೂ ಬೇರೆ, ಬೆಳೆಯೂ ಬೇರೆ. ಆದರೂ ನೀವು ಎಕರೆಗೆ ಎಷ್ಟು ಬ್ಯಾರೆಲ್ ಹೊಡೆಸುತ್ತೀರಿ ಅಂತ ಒಮ್ಮೆ ಬರೆದು ಕೂಡಿಸಿ ನೋಡಿ. ಪಕ್ಕದವರು ನಾಲ್ಕನೇ ಸುತ್ತು ಹೊಡೆಸಿದರು ಅಂತ ನಾವೂ ಹೊಡೆಸುವುದು ಬೇಡ. ಗೊನೆಗೆ ಬಿದ್ದರೆ ಸಾಕು, ನೆಲಕ್ಕೆ ಸೋರುವಷ್ಟು ಬೇಡ. ನಮ್ಮ ಮಣ್ಣು ಹುಳಿ ಮಣ್ಣು, ಹುಳಿ ಹೆಚ್ಚಿದಷ್ಟೂ ಕೂತ ತಾಮ್ರ ಮತ್ತೆ ಕರಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಅಥವಾ ಡೋಲೊಮೈಟ್ ಕೊಟ್ಟು, ಸೊಪ್ಪು ಗೊಬ್ಬರ ಹಾಕುತ್ತಿದ್ದರೆ ತಾಮ್ರ ಕಟ್ಟಿಕೊಂಡು ಇರುತ್ತದೆ.

ಕೊನೆಗೆ ಬಂದ ಪ್ರಶ್ನೆ, ಉಳಿದದ್ದನ್ನು ಏನು ಮಾಡುವುದು ಅಂತ. ಸಂಜೆ ಒಂದೆರಡು ಬಿಂದಿಗೆ ದ್ರಾವಣ ಉಳಿದರೆ ಅದನ್ನು ತೋಟದಲ್ಲೇ ಇನ್ನೂ ಹೊಡೆಯದ ಮರಗಳಿಗೆ ಹೊಡೆದು ಮುಗಿಸಿ. ಡ್ರಮ್, ಪಂಪು ತೊಳೆದ ನೀರೂ ತೋಟಕ್ಕೇ ಹೋಗಲಿ, ಹಳ್ಳಕ್ಕೆ ಬೇಡ. ನೆಲಕ್ಕೆ ಬಿದ್ದ ಹರಳನ್ನು ನೀರು ಹೊಡೆದು ತೊಳೆಯಬೇಡಿ, ಒಣಗಿದ್ದಾಗಲೇ ಗುಡಿಸಿ ಚೀಲಕ್ಕೆ ತುಂಬಿ. ಔಷಧಿ ಹೊಡೆದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಖಾಲಿ ಚೀಲ ಗಟ್ಟಿಯಾಗಿದೆ ಅಂತ ಅದರಲ್ಲಿ ಅಕ್ಕಿ, ತೌಡು, ಬಿತ್ತನೆ ಭತ್ತ ತುಂಬುವವರಿದ್ದಾರೆ. ಒಲೆಗೆ ಹಾಕಿ ಸುಡುವವರೂ ಇದ್ದಾರೆ. ಎರಡೂ ಬೇಡ. ಚೀಲವನ್ನು ಬೇರೆ ಯಾವುದಕ್ಕೂ ಬಾರದ ಹಾಗೆ ಹರಿದು, ಉಳಿದ ಔಷಧಿ ಡಬ್ಬಗಳ ಜೊತೆ ಬೇರೆಯಾಗಿ ಕಟ್ಟಿಡಿ.